ಮೂರನೇ ತಂತಿಯ ಚರಿತ್ರೆ

ಬೆಂಗಳೂರಿನಲ್ಲಿ ಯಾರಾದರೂ ಮನೆಗೆ ಕಾರ್ ಚಾರ್ಜರ್ ಹಾಕಿಕೊಡಿ ಎಂದು ಕರೆದರೆ, ಮನೆ ಕಟ್ಟಿದ್ದು ಯಾವ ಇಸವಿಯಲ್ಲಿ ಎಂದು ಮೊದಲು ಕೇಳುತ್ತೇನೆ. ಕಾರಿನ ಮಾತು ಆಮೇಲೆ. ವೈರಿಂಗ್ ಕಂಟ್ರಾಕ್ಟು ನಮ್ಮ ತಂದೆಯವರಿಂದ ನನಗೆ ಬಂದ ಕಸುಬು. ಇಸವಿ ಗೊತ್ತಾದರೆ ಗೋಡೆಯೊಳಗೆ ಏನಿದ್ದೀತು ಎಂಬುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಮನೆಗಳಿಗೂ ಅದು ಬೆಳಕಿಗೆಂದೇ ಬಂತು. ಕೋಣೆಗೊಂದು ಬಲ್ಬು, ಅನುಕೂಲಸ್ಥರ ಹಜಾರಕ್ಕೊಂದು ಫ್ಯಾನು. ಅದಕ್ಕೆ ಫೇಸು, ನ್ಯೂಟ್ರಲ್ಲು ಎರಡೇ ತಂತಿ ಸಾಕಿತ್ತು. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರು, ಪಿಂಗಾಣಿಯ ಕಟೌಟು, ಬೇಕಲೈಟಿನ ಕಪ್ಪು ಸ್ವಿಚ್ಚು. ಬಸವನಗುಡಿ, ಮಲ್ಲೇಶ್ವರಗಳ ಹಳೇ ಮನೆಗಳಲ್ಲಿ ಇವನ್ನು ನಾನು ಕೈಯಾರೆ ಬಿಚ್ಚಿದ್ದೇನೆ. ಆ ಕೆಲಸದ ಅಚ್ಚುಕಟ್ಟು ನೋಡಿದರೆ ಇವತ್ತಿಗೂ ಗೌರವ ಬರುತ್ತದೆ. ಆದರೆ ಅನೇಕ ಕಡೆ ಮೂರನೇ ತಂತಿ, ಅಂದರೆ ಅರ್ತು, ಇರಲೇ ಇಲ್ಲ.

1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಬಂತು; ಮುಂದೆ ಕೆಇಬಿ ಎನಿಸಿದ್ದು ಅದೇ. ಅದರ ದರಪಟ್ಟಿಯಲ್ಲಿ ಮನೆಗಳು ಎರಡು ಬಗೆಯಾದವು: ಬರೀ ಲೈಟಿಂಗಿನವು, ಮತ್ತು ಎಇಎಚ್. ಆಲ್ ಎಲೆಕ್ಟ್ರಿಕ್ ಹೋಮ್ ಎಂಬುದರ ಈ ಮೂರಕ್ಷರ ಹಿರಿಯರ ಬಾಯಲ್ಲಿ ಇನ್ನೂ ಇದೆ. ಗೀಸರ್, ಒಲೆ, ಮಿಕ್ಸಿ ಇಡುವ ಮನೆ ಎಂದು ಅದರ ಅರ್ಥ. ಬಚ್ಚಲುಮನೆಯ ಹಂಡೆಯ ಜಾಗಕ್ಕೆ ಗೀಸರ್ ಬಂದಾಗ ಅದರ ಜೊತೆ 15 ಆಂಪ್ಸಿನ ಪವರ್ ಪ್ಲಗ್ಗೂ, ಅದರ ದಪ್ಪನೆಯ ಮೂರನೇ ಪಿನ್ನೂ ಬಂದವು. ಆ ಪಿನ್ನಿಗೆ ಅರ್ತ್ ಸಿಗಬೇಕಾದರೆ ಹಿತ್ತಲಲ್ಲಿ ಗುಂಡಿ ತೋಡಿ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರಪದರವಾಗಿ ತುಂಬಿ, ಬೇಸಿಗೆಯಲ್ಲಿ ನೀರು ಹುಯ್ಯಬೇಕಿತ್ತು. ಕೆಲವರು ಮಾಡಿಸಿದರು. ಬಹಳ ಮಂದಿ ಅರ್ತ್ ತಂತಿಯನ್ನು ನಲ್ಲಿ ಪೈಪಿಗೆ ಸುತ್ತಿ ಕೈ ತೊಳೆದುಕೊಂಡರು. ಪೈಪು ಕಬ್ಬಿಣದ್ದಾಗಿದ್ದು ಮಣ್ಣಿನೊಳಗೆ ಹೋಗುತ್ತಿದ್ದುದರಿಂದ ಹೇಗೋ ನಡೆಯಿತು. ಆಮೇಲೆ ಪ್ಲಂಬರು ಬಂದು ಪಿವಿಸಿ ಪೈಪು ಹಾಕಿಹೋದ. ಮನೆಯ ಅರ್ತು ಅವತ್ತೇ ಹೋಯಿತು. ಯಾರಿಗೂ ತಿಳಿಯಲಿಲ್ಲ. ಫ್ರಿಜ್ಜು ಓಡುತ್ತಲೇ ಇತ್ತು, ಗ್ರೈಂಡರು ರುಬ್ಬುತ್ತಲೇ ಇತ್ತು.

2001ರಲ್ಲಿ ಇದೇ ಊರಿನಿಂದ ರೇವಾ ಬಂತು. ಚೇತನ್ ಮೈನಿಯವರ ಕಂಪನಿ ಬೊಮ್ಮಸಂದ್ರದಲ್ಲಿ ಮಾಡಿದ ಆ ಪುಟ್ಟ ಕಾರಿಗೆ ಸೀಸ-ಆಮ್ಲದ ಎಂಟು ಬ್ಯಾಟರಿ, 48 ವೋಲ್ಟು. ಲಂಡನ್ನಿನ ಬೀದಿಯಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಿದ್ದೂ ಅದೇ. ಅದಕ್ಕೆ ಬೇಕಾದದ್ದು ಗೀಸರಿನಂಥದೇ ಒಂದು 15 ಆಂಪ್ಸ್ ಪ್ಲಗ್ಗು. ಈ ನಾಡಿನ ಮೊದಮೊದಲ ಮನೆ ಚಾರ್ಜರುಗಳೆಂದರೆ ಕಾರ್ ಶೆಡ್ಡಿನ ಗೋಡೆಗೆ ಹಾಕಿದ ಆ ಪ್ಲಗ್ಗುಗಳೇ. ನಮ್ಮ ಕಸುಬಿನ ಚರಿತ್ರೆಯಲ್ಲಿ ಅವಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ. ಆದರೆ ಗೀಸರ್ ಇಪ್ಪತ್ತು ನಿಮಿಷ ಉರಿದು ಆರುತ್ತದೆ, ಕಾರು ರಾತ್ರಿಯೆಲ್ಲ ಎಳೆಯುತ್ತದೆ. ಸಡಿಲ ಸ್ಕ್ರೂ ಇರುವ ಪ್ಲಗ್ಗು ಬೆಳಗಾಗುವಷ್ಟರಲ್ಲಿ ಕಂದಿ ಕಮರು ವಾಸನೆ ಹೊಡೆಯುತ್ತದೆ.

ಈಗಿನ ಲಿಥಿಯಂ ಕಾರುಗಳ ಚಾರ್ಜರು ಇನ್ನೊಂದು ಹೆಜ್ಜೆ ಮುಂದೆ. ಅರ್ತ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಹೀಗೆ ಹಟ ಹಿಡಿದ ಮನೆ ಯಂತ್ರವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಚಾರ್ಜರ್ ಕೆಟ್ಟಿದೆ ಎಂದು ಮನೆಯವರು ದೂರುವಾಗ ನಾನು ಟೆಸ್ಟ್ ಲ್ಯಾಂಪ್ ತೆಗೆಯುತ್ತೇನೆ: ಹೋಲ್ಡರಿನಲ್ಲಿ 100 ವ್ಯಾಟಿನ ಬಲ್ಬು, ಎರಡು ತುಂಡು ವೈರು. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದರೆ ಫಕ್ಕನೆ ಉರಿಯುತ್ತದೆ. ನ್ಯೂಟ್ರಲ್ ಬಿಟ್ಟು ಅರ್ತಿಗೆ ಹಿಡಿದರೆ ತಂತು ಕೆಂಪಗೆ ಮಿಣುಕುತ್ತದೆ, ಇಲ್ಲವೇ ಅದೂ ಇಲ್ಲ. ಮೂವತ್ತು ನಲವತ್ತು ವರ್ಷ ಆ ಮನೆಯ ಹೆಂಗಸರು ಒದ್ದೆ ಕೈಯಲ್ಲಿ ಗ್ರೈಂಡರು ಮುಟ್ಟಿದ್ದು ಇಂಥ ಅರ್ತನ್ನು ನಂಬಿ.

ಇಲ್ಲಿ ಕೆಲವರು ಅರ್ತ್ ಪಿನ್ನನ್ನೂ ನ್ಯೂಟ್ರಲನ್ನೂ ಸೇರಿಸಿ ಚಾರ್ಜರಿಗೆ ಮೋಸ ಮಾಡುತ್ತಾರೆ. ಇದು ಕೊಲೆಗಡುಕತನ. ನ್ಯೂಟ್ರಲ್ ಎಲ್ಲಾದರೂ ಕಿತ್ತರೆ ಕಾರಿನ ಮೈಗೆಲ್ಲ ಕರೆಂಟು ಬರುತ್ತದೆ. ಹೊಸ ಅರ್ತ್ ಗುಂಡಿ ತೋಡದೆ ನಾನು ಮುಂದಿನ ಕೆಲಸ ಮುಟ್ಟುವುದಿಲ್ಲ.

ಕಾನೂನಿನ ತೊಡಕು 2018ರಲ್ಲೇ ಬಗೆಹರಿದಿದೆ. ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಲು ಲೈಸೆನ್ಸು ಬೇಕಿಲ್ಲ. ಯಾವ ಚಾರ್ಜರ್ ಎಂದು ಕೇಳುವವರಿಗೆ, ದಿನಕ್ಕೆ 40 ಕಿಲೋಮೀಟರ್ ಓಡಾಡುವ ಕಾರಿಗೆ ಸುಮಾರು ಆರು ಯೂನಿಟ್ ಸಾಕು, 3.3 ಕಿಲೋವ್ಯಾಟಿನದು ಅದನ್ನು ಎರಡು ಗಂಟೆಯಲ್ಲಿ ಕೊಡುತ್ತದೆ ಎನ್ನುತ್ತೇನೆ. 7.2ರದ್ದೇ ಬೇಕೆಂದರೆ ಮೊದಲು ಮಂಜೂರಾದ ಲೋಡು ನೋಡಿ; 3 ಕಿಲೋವ್ಯಾಟ್ ಇದ್ದರೆ ಹೆಚ್ಚಿಸಲು ಅರ್ಜಿ ಹಾಕಿ. ಎರಡಕ್ಕೂ ಮೀಟರ್ ಬೋರ್ಡಿನಿಂದಲೇ ಬೇರೆ ತಾಮ್ರದ ಕೇಬಲ್ಲು, ಅದಕ್ಕೇ ಮೀಸಲಾದ ಎಂಸಿಬಿ, 30 ಮಿಲಿಆಂಪ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಇರಲಿ. ಹೊಸ ಮನೆ ಕಟ್ಟುವವರು ಕಾರ್ ಇನ್ನೂ ಕೊಂಡಿಲ್ಲದಿದ್ದರೂ ಸರಿಯೇ, ಗಾರೆ ಬಳಿಯುವ ಮೊದಲು ಮೀಟರಿನಿಂದ ಕಾರ್ ನಿಲ್ಲುವ ಜಾಗಕ್ಕೆ ಒಂದು ದೊಡ್ಡ ಪೈಪು ಎಳೆಸಿಡಿ.