ತಲೆಬುರುಡೆಯ ಮೇಲೊಂದು ಭಾವಚಿತ್ರ

ತಲೆಬುರುಡೆಯೊಂದನ್ನು ನಿಮ್ಮ ಮುಂದಿಟ್ಟು ‘ಇದು ಯಾರದು?’ ಎಂದು ಕೇಳಿದರೆ ಏನು ಹೇಳುವಿರಿ? ಲಿಂಗ, ವಯಸ್ಸುಗಳನ್ನು ಅಂದಾಜು ಮಾಡಬಹುದು. ಆದರೆ ಹೆಸರು? ಆ ವ್ಯಕ್ತಿ ಬದುಕಿದ್ದಾಗ ಬಿಟ್ಟುಹೋದ ಯಾವುದಾದರೂ ಗುರುತಿನೊಡನೆ ಮೂಳೆಯನ್ನು ಹೋಲಿಸಿದಾಗಲೇ ಅದು ದೊರೆಯುವುದು. ಇದನ್ನು ನ್ಯಾಯಾಲಯದಲ್ಲಿ ಮಾಡಿ ತೋರಿಸಿದ ಪ್ರಸಿದ್ಧ ಪ್ರಕರಣವೊಂದು ಬ್ರಿಟನ್ನಿನದು.

1935ರ ಸೆಪ್ಟೆಂಬರ್ 29ರಂದು ಸ್ಕಾಟ್‌ಲೆಂಡಿನ ಮಾಫಟ್ ಪಟ್ಟಣದ ಬಳಿ, ಸೇತುವೆಯ ಕೆಳಗಿನ ಕಮರಿಯಲ್ಲಿ ಕೆಲವು ಗಂಟುಗಳು ಕಂಡವು. ಒಳಗಿದ್ದುದು ಮನುಷ್ಯ ದೇಹದ ತುಂಡುಗಳು. ಹುಡುಕಿದಂತೆಲ್ಲ ಸಿಕ್ಕಿ, ಸುಮಾರು 70 ಆದವು. ಸುತ್ತಿದ್ದ ಪತ್ರಿಕೆಯೊಂದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಹಂಚಿದ ವಿಶೇಷ ಮುದ್ರಣ. ಅಲ್ಲಿ ಡಾ. ಬಕ್ ರಕ್ಸ್‌ಟನ್ ಎಂಬ ವೈದ್ಯನ ಮನೆಯಿಂದ, ಅವನ ಪತ್ನಿಯಾಗಿ ಬಾಳುತ್ತಿದ್ದ ಇಸಬೆಲ್ಲಾ ಮತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮೇರಿ ರೋಜರ್ಸನ್ ಕಾಣೆಯಾಗಿದ್ದರು. ರಕ್ಸ್‌ಟನ್ ಮೂಲತಃ ಮುಂಬಯಿಯ ಪಾರ್ಸಿ. ವೈದ್ಯಕೀಯ ಓದಿದ್ದೂ ಅಲ್ಲಿಯೇ.

ಕೊಲೆಗಾರನಿಗೆ ಅಂಗರಚನೆ ಚೆನ್ನಾಗಿ ತಿಳಿದಿತ್ತು. ಗುರುತು ಹಿಡಿಯಲು ನೆರವಾಗುವ ಭಾಗಗಳನ್ನೇ ಆರಿಸಿ ತೆಗೆದಿದ್ದ. ಮೇರಿಗೆ ಮೆಳ್ಳೆಗಣ್ಣು, ಒಂದು ತಲೆಯಲ್ಲಿ ಕಣ್ಣುಗಳೇ ಇರಲಿಲ್ಲ! ತೆಗೆದುಹಾಕಿದ್ದೇ ಸುಳಿವಾಯಿತು, ನೋಡಿ.

ಮೊದಲು ಇವು ಒಬ್ಬ ಗಂಡಸು, ಒಬ್ಬ ಹೆಂಗಸಿನ ದೇಹಗಳೆಂದು ಭಾವಿಸಲಾಗಿತ್ತು. ಗ್ಲಾಸ್ಗೋದ ನ್ಯಾಯವೈದ್ಯ ಜಾನ್ ಗ್ಲೇಸ್ಟರ್, ಎಡಿನ್‌ಬರೋದ ಅಂಗರಚನಾ ತಜ್ಞ ಜೇಮ್ಸ್ ಬ್ರ್ಯಾಶ್ ತುಂಡುಗಳನ್ನು ತಾಳೆ ನೋಡಿ ಜೋಡಿಸಿದಾಗ, ಎರಡೂ ಹೆಂಗಸರವೆಂದು ತಿಳಿಯಿತು. ಬುರುಡೆಯ ಹೊಲಿಗೆಗಳು ಎಷ್ಟು ಬೆಸೆದಿವೆ, ನೀಳ ಮೂಳೆಗಳ ತುದಿಗಳು ಕೂಡಿಕೊಂಡಿವೆಯೇ, ಬುದ್ಧಿಹಲ್ಲು ಯಾವ ಹಂತದಲ್ಲಿದೆ ಎಂಬುದರಿಂದ, ಒಬ್ಬರು ಇಪ್ಪತ್ತರ ಆಸುಪಾಸಿನವರು, ಇನ್ನೊಬ್ಬರು ಹಿರಿಯರು ಎಂದು ಗೊತ್ತಾಯಿತು. (ಮೂಳೆಯಿಂದ ಎತ್ತರ ಲೆಕ್ಕ ಹಾಕಲು ಕಾರ್ಲ್ ಪಿಯರ್ಸನ್ 1899ರಲ್ಲಿ ಸೂತ್ರ ಕೊಟ್ಟಿದ್ದ. ಅದಕ್ಕೆ ಆಧಾರ ಫ್ರಾನ್ಸಿನ 100 ಶವಗಳ ಅಳತೆ. ನಮ್ಮವರಿಗೆ ಅದನ್ನು ಹಾಗೆಯೇ ಅನ್ವಯಿಸಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿ.)

ಇಷ್ಟಾದರೂ ಹೆಸರು ಸಿಕ್ಕಿರಲಿಲ್ಲ. ಇಸಬೆಲ್ಲಾ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಭಾವಚಿತ್ರವೊಂದಿತ್ತು. ಆದರೆ ಅದನ್ನು ಎಷ್ಟು ಹಿಗ್ಗಿಸಿದರೆ ನಿಜವಾದ ಅಳತೆ ಬರುತ್ತದೆ? ಚಿತ್ರದಲ್ಲಿ ಆಕೆ ಕಿರೀಟದಂಥ ಆಭರಣ ಧರಿಸಿದ್ದರು. ಅದೇ ಆಭರಣವನ್ನು ತರಿಸಿ, ಅಳೆದು, ಪ್ರಮಾಣವನ್ನು ಕಂಡುಕೊಂಡರು. ಆಮೇಲೆ ಬುರುಡೆಯನ್ನು ಅದೇ ಕೋನದಲ್ಲಿ ನಿಲ್ಲಿಸಿ ಫೋಟೊ ತೆಗೆದು, ಒಂದರ ಮೇಲೊಂದನ್ನು ಇಟ್ಟರು. ಕಣ್ಣುಗುಳಿ, ಮೂಗು, ಗಲ್ಲ ಹೊಂದಿಕೊಂಡವು. ಮೇರಿಯ ಚಿತ್ರಕ್ಕೆ ಇನ್ನೊಂದು ಬುರುಡೆ ಕೂಡಿತು. ಅದಲುಬದಲು ಮಾಡಿದರೆ ಕೂಡಲಿಲ್ಲ. ಪಾದಗಳ ಅಚ್ಚುಗಳೂ ಅವರವರ ಪಾದರಕ್ಷೆಗಳಿಗೆ ಸರಿಹೋದವು.

ಈ ಅಧ್ಯಾರೋಪಣ ವಿಧಾನದಲ್ಲಿ, ನನ್ನ ದೃಷ್ಟಿಯಲ್ಲಿ, ಹೊಂದದಿರುವುದೇ ಹೆಚ್ಚು ಗಟ್ಟಿ ಸಾಕ್ಷ್ಯ. ಹೊಂದಿದರೆ ‘ಇವರಿರಬಹುದು’ ಎಂದಷ್ಟೇ. ಅಂಥ ಮುಖ ಬೇರೆಯವರಿಗೂ ಇದ್ದೀತು. ಇಲ್ಲಿ ಕಾಣೆಯಾದವರು ಇಬ್ಬರೇ, ಬೆರಳಚ್ಚು ಮುಂತಾದ ಇತರ ಸಾಕ್ಷ್ಯಗಳೂ ಇದ್ದವು. 1936ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ನ್ಯಾಯಾಲಯದಲ್ಲಿ ರಕ್ಸ್‌ಟನ್ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಮೇ 12ರಂದು ಗಲ್ಲಿಗೇರಿಸಿದರು.

1985ರಲ್ಲಿ ಬ್ರೆಜಿಲ್‌ನ ಗೋರಿಯೊಂದರಿಂದ ನಾಟ್ಸಿ ವೈದ್ಯ ಯೋಸೆಫ್ ಮೆಂಗೆಲೆಯದೆನ್ನಲಾದ ಮೂಳೆಗಳನ್ನು ತೆಗೆದಾಗ, ರಿಚರ್ಡ್ ಹೆಲ್ಮರ್ ಇದೇ ಕೆಲಸವನ್ನು ವಿಡಿಯೋ ಕ್ಯಾಮೆರಾಗಳಿಂದ ಮಾಡಿದರು. ಆದರೂ ಸಂದೇಹ ಉಳಿದಿತ್ತು. ಅದು ತೀರಿದ್ದು 1992ರಲ್ಲಿ, ಮೂಳೆಯಿಂದ ಪಡೆದ ಡಿಎನ್‌ಎಯನ್ನು ಅವನ ಮಗ ಮತ್ತು ಮಾಜಿ ಪತ್ನಿಯ ರಕ್ತದ ಡಿಎನ್‌ಎಯೊಡನೆ ಹೋಲಿಸಿದಾಗ.