ಕಟ್ಟಿ ಕಲಿಯುವ ವಾಸ್ತುವಿದ್ಯೆಯ ಮೂಲವಿಚಾರ

ನಮ್ಮ ವಾಸ್ತುಗ್ರಂಥಗಳಲ್ಲಿ ಶಿಲ್ಪಿಗಳನ್ನು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಇವರಲ್ಲಿ ಸೂತ್ರಗ್ರಾಹಿಯು ಸ್ಥಪತಿಯ ಮಗನಾಗಲಿ ಶಿಷ್ಯನಾಗಲಿ ಆಗಿರತಕ್ಕದ್ದೆಂಬುದು ಮಯಮತದ ಅಭಿಪ್ರಾಯ. ಎಂದರೆ, ಶಿಷ್ಯನಿಗೆ ಪಾಠಶಾಲೆಯೊಂದು, ಕಟ್ಟಡವೊಂದು ಎಂಬ ಭೇದವಿರಲಿಲ್ಲ. ಯಜಮಾನನ ನೆಲದಲ್ಲಿ ನೂಲು ಹಿಡಿದೇ ಅವನು ವಿದ್ಯೆಯನ್ನು ಪಡೆಯಬೇಕಾಗಿತ್ತು. ಆಧುನಿಕ ವಿಶ್ವವಿದ್ಯಾನಿಲಯಗಳಲ್ಲಾದರೋ ಈ ವಿದ್ಯೆಯು ಬಹುಮಟ್ಟಿಗೆ ಕಾಗದದ ಮೇಲಣ ನಕ್ಷೆಯ ವಿದ್ಯೆಯಾಯಿತು. ಅಲ್ಲಿಂದ ವಿದ್ಯಾರ್ಥಿಯನ್ನು ಮರಳಿ ನೆಲಕ್ಕಿಳಿಸಿದವರಾರು ಎಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ನಿದರ್ಶನದಿಂದ ಇಲ್ಲಿ ವಿಚಾರಮಾಡಲಾಗಿದೆ.

ಈ ಕ್ರಮಕ್ಕೆ ಸಾಧಾರಣವಾಗಿ ಎರಡು ಮೂಲಗಳನ್ನು ಹೇಳುವುದುಂಟು. ಮೊದಲನೆಯದು ೧೯೬೭ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮೂರ್ ಎಂಬ ಆಚಾರ್ಯರು ಆರಂಭಿಸಿದ ಏರ್ಪಾಡು. ಅವರ ವಿದ್ಯಾರ್ಥಿಗಳು ಕೆಂಟಕಿ ಪ್ರಾಂತದ ನ್ಯೂ ಜೈಯನ್ ಎಂಬ ಬಡ ಹಳ್ಳಿಗೆ ಹೋಗಿ ಸಮುದಾಯಭವನವೊಂದನ್ನು ತಾವೇ ಕಟ್ಟಿಕೊಟ್ಟರು. ಎರಡನೆಯದು ೧೯೯೩ರಲ್ಲಿ ಆಬರ್ನ್ ವಿಶ್ವವಿದ್ಯಾನಿಲಯದ ಸ್ಯಾಮ್ಯುಯೆಲ್ ಮಾಕ್‌ಬೀ, ಡಿ. ಕೆ. ರೂತ್ ಎಂಬವರು ಅಲಬಾಮಾ ಪ್ರಾಂತದ ಹೇಲ್ ಕೌಂಟಿಯಲ್ಲಿ ಸ್ಥಾಪಿಸಿದ 'ರೂರಲ್ ಸ್ಟುಡಿಯೊ'. ೧೯೯೪ರಲ್ಲಿ ಇದರ ವಿದ್ಯಾರ್ಥಿಗಳು ವೃದ್ಧ ದಂಪತಿಗಳಿಗಾಗಿ ಒಣಹುಲ್ಲಿನ ಕಟ್ಟುಗಳನ್ನು ಪೇರಿಸಿ, ಮೇಲೆ ಗಾರೆ ಬಳಿದು, ಎದುರಿಗೆ ದೊಡ್ಡ ಜಗಲಿಯಿಟ್ಟು ಕಟ್ಟಿದ ಮನೆಯು ಲೋಕಪ್ರಸಿದ್ಧವಾಯಿತು. ಮಾಕ್‌ಬೀಯವರು ೨೦೦೧ರಲ್ಲಿ ತೀರಿಕೊಂಡರು, ಶಾಲೆಯು ನಿಲ್ಲಲಿಲ್ಲ.

ಇವೆರಡೂ ಸ್ತುತ್ಯವಾದ ಕಾರ್ಯಗಳೇ ಸರಿ. ಆದರೆ ಮೂಲವೆನ್ನುವುದಾದರೆ ಇನ್ನೂ ಹಿಂದಕ್ಕೆ ಹೋಗಬೇಕಾಗುವುದು. ಅದೇ ಅಲಬಾಮಾದಲ್ಲಿ, ಆಬರ್ನಿಗೆ ಸುಮಾರು ಇಪ್ಪತ್ತು ಮೈಲಿಗಳ ಆಸುಪಾಸಿನಲ್ಲಿ, ಟಸ್ಕೀಗೀ ಎಂಬ ಊರುಂಟು. ದಾಸ್ಯದಿಂದ ಬಿಡುಗಡೆ ಹೊಂದಿದ ಜನರ ಮಕ್ಕಳಿಗಾಗಿ ಬುಕರ್ ಟಿ. ವಾಷಿಂಗ್ಟನ್ನರು ೧೮೮೧ರಲ್ಲಿ ಅಲ್ಲಿ ಪಾಠಶಾಲೆಯನ್ನು ತೆರೆದರು. ಕಟ್ಟಡಗಳನ್ನು ವಿದ್ಯಾರ್ಥಿಗಳೇ ಕಟ್ಟಬೇಕೆಂಬುದು ಅವರ ಸಂಕಲ್ಪ. ಇಟ್ಟಿಗೆಯ ಗೂಡು ಮೂರು ಸಾರಿ ಕೆಟ್ಟಿತು. ನಾಲ್ಕನೆಯ ಸಾರಿಗೆ ಹಣವಿಲ್ಲದಿರಲು ಅವರು ತಮ್ಮ ಗಡಿಯಾರವನ್ನು ಹದಿನೈದು ಡಾಲರಿಗೆ ಗಿರವಿಯಿಟ್ಟು ಗೂಡನ್ನು ಹೂಡಿದರು. ಆಗ ಇಟ್ಟಿಗೆಯು ಬೆಂದಿತು. ೧೯೦೧ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಹೇಳಿರುವಂತೆ, ಹತ್ತೊಂಬತ್ತು ವರ್ಷಗಳಲ್ಲಿ ಎದ್ದ ನಲವತ್ತು ಕಟ್ಟಡಗಳಲ್ಲಿ ನಾಲ್ಕನ್ನುಳಿದು ಮಿಕ್ಕವೆಲ್ಲವೂ ಹೆಚ್ಚುಕಡಮೆ ವಿದ್ಯಾರ್ಥಿಗಳ ಕೈಕೆಲಸವೇ. ೧೮೯೨ರಲ್ಲಿ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಿಂದ ಪದವಿ ಪಡೆದು ಬಂದ ರಾಬರ್ಟ್ ಟೇಲರ್ ಎಂಬವರು ಇವರಿಗೆ ವಾಸ್ತುವಿದ್ಯೆಯ ಗುರುಗಳಾದರು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: 'ಟಸ್ಕೀಗೀಯವರು ಕಟ್ಟಿದ್ದು ತಮ್ಮ ಶಾಲೆಯನ್ನು; ಯೇಲ್, ಆಬರ್ನ್‌ಗಳವರು ಕಟ್ಟಿದ್ದು ಪರರಿಗಾಗಿ. ಇವೆರಡೂ ಒಂದೇ ಹೇಗಾದೀತು?' ಈ ಭೇದವು ನಿಜ, ಆದರೆ ಸಂಪೂರ್ಣವಲ್ಲ. ಟಸ್ಕೀಗೀಯ ಇಟ್ಟಿಗೆಯನ್ನು ಸುತ್ತಲಿನ ಶ್ವೇತವರ್ಣೀಯರೂ ಕೊಂಡು ತಮ್ಮ ಮನೆಗಳಿಗೆ ಬಳಸಿದರು. ಮೇಲಾಗಿ, ೧೯೧೨ರಲ್ಲಿ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವರ್ತಕರ ದ್ರವ್ಯಸಹಾಯದಿಂದ ಹಳ್ಳಿಯ ಶಾಲೆಗಳನ್ನು ಕಟ್ಟುವ ಕಾರ್ಯವು ಅಲ್ಲಿಂದಲೇ ಹೊರಟಿತು. ಆ ಶಾಲೆಗಳ ಮೊದಲ ನಕ್ಷೆಗಳ ರಚನೆಯಲ್ಲಿ ಟೇಲರರ ಕೈಯುಂಟು. ಹಳ್ಳಿಗರು ತಮ್ಮ ಪಾಲಿನ ಹಣವನ್ನೋ ನೆಲವನ್ನೋ ದುಡಿಮೆಯನ್ನೋ ಕೊಡಬೇಕೆಂಬುದು ಕಟ್ಟಳೆಯಾಗಿತ್ತು. ೧೯೩೨ರ ವೇಳೆಗೆ ಇಂಥ ಶಾಲೆಗಳು ದಕ್ಷಿಣ ಪ್ರಾಂತಗಳಲ್ಲಿ ಸುಮಾರು ಐದು ಸಾವಿರವಾದುವು.

ವಾಸ್ತವವಾದ ಭೇದವಿರುವುದು ಬೇರೆಡೆಯಲ್ಲಿ. ಟಸ್ಕೀಗೀಯಲ್ಲಿ ಕಟ್ಟುವವನೂ ಯಜಮಾನನೂ ಒಬ್ಬನೇ. ಗೋಡೆ ಸೋರಿದರೆ ನೆನೆಯುವವನು ತಾನೇ. ಹೇಲ್ ಕೌಂಟಿಯಲ್ಲಿ ವಿದ್ಯಾರ್ಥಿಯು ಪದವಿ ಪಡೆದು ಹೊರಡುತ್ತಾನೆ. ಬಡ ಯಜಮಾನನು ಅವನ ಪ್ರಯೋಗದೊಳಗೆ ಬಾಳುತ್ತಾನೆ. ಈ ದೋಷದ ಸಂಭವವು ಆ ಶಾಲೆಯವರಿಗೆ ಹೊಳೆಯದೆ ಇರಲಿಲ್ಲವೆಂದು ತೋರುತ್ತದೆ. ೨೦೦೫ರಿಂದೀಚೆಗೆ ಅವರು ಒಂದೊಂದು ವಿಚಿತ್ರವಾದ ಮನೆಯಲ್ಲಿಯೇ ತೃಪ್ತರಾಗದೆ, ಇಪ್ಪತ್ತು ಸಾವಿರ ಡಾಲರುಗಳಲ್ಲಿ ಸಾಮಾಗ್ರಿಯೂ ಕೂಲಿಯೂ ಅಡಗಬೇಕೆಂಬ ಗುರಿಯಿಟ್ಟು, ಯಾರು ಬೇಕಾದರೂ ಮತ್ತೆ ಮತ್ತೆ ಕಟ್ಟಬಹುದಾದ ಮನೆಯ ಮಾದರಿಗಳನ್ನು ಶೋಧಿಸತೊಡಗಿದರು.

ಹಾಗಿದ್ದರೂ ಟಸ್ಕೀಗೀಯ ಹೆಸರು ಈ ವಿದ್ಯೆಯ ವಂಶಾವಳಿಯ ಮೊದಲಲ್ಲಿ ಅನೇಕ ವೇಳೆ ಕಾಣಿಸದಿರುವುದೇಕೆ? ಆಬರ್ನ್ ವಿದ್ಯಾಲಯದಲ್ಲಿ ಆಫ್ರಿಕಾ ಮೂಲದ ವಿದ್ಯಾರ್ಥಿಗೆ ಮೊದಲು ಪ್ರವೇಶ ದೊರೆತದ್ದು ೧೯೬೪ರಲ್ಲಿ. ಜನರನ್ನು ಬೇರ್ಪಡಿಸಿದ ಗೋಡೆಯು ಅವರ ಸ್ಮರಣೆಯನ್ನೂ ಬೇರ್ಪಡಿಸಿತೆಂದು ಊಹಿಸುವುದು ಅಸಂಗತವಾಗಲಾರದು. ಗುರುಪರಂಪರೆಯನ್ನು ಹೇಳುವಾಗ ಮೊದಲ ಗುರುವನ್ನು ಬಿಟ್ಟು ಹೇಳುವುದು ನಮ್ಮ ಸಂಪ್ರದಾಯದಲ್ಲಿ ದೋಷವೆನಿಸಿದೆ. ಆದುದರಿಂದ ಈ ವಿದ್ಯೆಯ ಇತಿಹಾಸವನ್ನು ಬರೆಯುವವರು ೧೯೯೩ರಿಂದಲ್ಲ, ೧೯೬೭ರಿಂದಲೂ ಅಲ್ಲ, ಆ ನಾಲ್ಕನೆಯ ಇಟ್ಟಿಗೆಗೂಡಿನಿಂದ ಆರಂಭಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ವಿದ್ವಾಂಸರು ಪರಿಶೀಲಿಸಬೇಕಾಗಿ ಪ್ರಾರ್ಥಿಸುತ್ತೇನೆ.