ಹಳೆಯ ಹೊಣೆಗಾರಿಕೆ ವಿಮೆ ಮತ್ತು ಕಲುಷಿತ ನೆಲದ ಶುದ್ಧೀಕರಣ

ದಶಕಗಳ ಹಿಂದೆ ಕೊಂಡ ವಾಣಿಜ್ಯ ಹೊಣೆಗಾರಿಕೆ ಪಾಲಿಸಿಗಳ ಮೇಲೆ ಇಂದು ಪರಿಹಾರ ಕೋರಿ, ಆ ಹಣದಿಂದ ಮಲಿನಗೊಂಡ ಮಣ್ಣು, ಅಂತರ್ಜಲಗಳನ್ನು ಶುದ್ಧಗೊಳಿಸುವ ಕ್ರಮ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಳಕೆಯಲ್ಲಿದೆ. ಅಲ್ಲಿನ 1980ರ ಸೂಪರ್‌ಫಂಡ್ ಕಾಯ್ದೆ, ಎಂದೋ ನಡೆದ ಮಾಲಿನ್ಯಕ್ಕೂ ಅದನ್ನು ಉಂಟುಮಾಡಿದವರ ಜೊತೆಗೆ ಜಾಗದ ಈಗಿನ ಮಾಲೀಕರನ್ನೂ ಸಾಮಾನ್ಯವಾಗಿ ಹೊಣೆಯಾಗಿಸುತ್ತದೆ.

1966ರ ಪ್ರಮಾಣಿತ ನಮೂನೆಯ ‘ಘಟನೆ ಆಧಾರಿತ’ ಪಾಲಿಸಿಗಳಲ್ಲಿ ಹಾನಿಯಾದ ಕಾಲ ಮುಖ್ಯ, ಕ್ಲೇಮ್ ಸಲ್ಲಿಸಿದ ಕಾಲವಲ್ಲ. 1970ರಲ್ಲಿ ಡ್ರೈಕ್ಲೀನಿಂಗ್ ಅಂಗಡಿಯೊಂದರ ಪರ್‌ಕ್ಲೋರೋಎಥಿಲೀನ್ ದ್ರಾವಕ ಬಿರುಕುಬಿಟ್ಟ ಚರಂಡಿ ಕೊಳವೆಯಿಂದ ನೆಲಕ್ಕಿಳಿದಿದ್ದರೆ, ಆ ವರ್ಷದ ಪಾಲಿಸಿಯ ಮೇಲೆ ಈಗಲೂ ಹಕ್ಕು ಸಾಧಿಸಬಹುದು. 1973ರ ನಮೂನೆ ‘ಹಠಾತ್ ಮತ್ತು ಆಕಸ್ಮಿಕ’ವಲ್ಲದ ಮಾಲಿನ್ಯವನ್ನು ಹೊರಗಿಟ್ಟಿತು; ಇದರ ವ್ಯಾಖ್ಯಾನದಲ್ಲಿ ರಾಜ್ಯಗಳ ನ್ಯಾಯಾಲಯಗಳು ಭಿನ್ನ ನಿಲುವು ತಳೆದಿವೆ. 1986ರ ನಮೂನೆ ಮಾಲಿನ್ಯವನ್ನು ಬಹುತೇಕ ಪೂರ್ತಿಯಾಗಿ ಕೈಬಿಟ್ಟಿತು. ಹೀಗಾಗಿ ಅದಕ್ಕೂ ಹಿಂದಿನ ಪಾಲಿಸಿಗಳೇ ಬೆಲೆಬಾಳುವಂಥವು.

ಮೂಲ ಪತ್ರ ಕಳೆದುಹೋಗಿದ್ದರೆ ‘ವಿಮಾ ಪುರಾತತ್ತ್ವ’ ತಜ್ಞರು ಲೆಕ್ಕಪುಸ್ತಕ, ಪ್ರೀಮಿಯಂ ಪಾವತಿಸಿದ ಚೆಕ್ಕು, ಬ್ರೋಕರ್ ಕಡತ, ವಿಮಾ ಪ್ರಮಾಣಪತ್ರಗಳನ್ನು ಜಾಲಾಡಿ ಪಾಲಿಸಿಯ ಅಸ್ತಿತ್ವ, ಷರತ್ತು, ಮಿತಿಗಳನ್ನು ಸಾಬೀತುಪಡಿಸಲು ನೆರವಾಗುತ್ತಾರೆ. ತಡವಾಗಿ ನೀಡಿದ ಸೂಚನೆ, ವಿಮಾ ಕಂಪನಿಯ ದಿವಾಳಿತನ ಮುಖ್ಯ ಅಡ್ಡಿಗಳು. ಶುದ್ಧೀಕರಣದ ವೆಚ್ಚ ಸಣ್ಣ ವ್ಯಾಪಾರಿಯ ಜೀವಮಾನದ ಉಳಿತಾಯವನ್ನೇ ನುಂಗಬಲ್ಲದು. ಆದ್ದರಿಂದ ಹಳೆಯ ವಿಮಾ ಕಡತಗಳನ್ನು ಜೋಪಾನವಾಗಿಡುವುದು ಅತ್ಯಗತ್ಯ.